ತಿಂಗಳಿಗೆ ಅರ್ಧ ಗಂಟೆ ಥೆರಪಿ ಯಾವ ಮಗುವಿಗೆ ಸಾಕು? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಸನ್ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಸೆರೆಬ್ರಲ್ ಪಾಲ್ಸಿ ಇರುವ ಐದು ವರ್ಷದೊಳಗಿನ ಮಕ್ಕಳಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಕೊಡುತ್ತಿರುವ ಥೆರಪಿಯ ರೀತಿಯನ್ನು ಬದಲಾಯಿಸುವ ಕುರಿತು.

ಮಾನ್ಯರೇ,

ಮಿದುಳಿಗಾದ ಪೆಟ್ಟಿನಿಂದ ಕೈಕಾಲಿನ ಚಲನೆ ಕುಂಠಿತವಾದ ಈ ಮಕ್ಕಳೊಂದಿಗೆ ತಾಲ್ಲೂಕು, ಹಳ್ಳಿಗಳ ಮಟ್ಟದಲ್ಲಿ ಕೆಲಸ ಮಾಡುವ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ಸ್ಪೀಚ್ ಥೆರಪಿಯವರು ನಾವು. ಸರ್ಕಾರ ಏನೂ ಮಾಡಿಲ್ಲ ಎಂದು ದೂರಲು ಈ ಪತ್ರ ಬರೆಯುತ್ತಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಿಂದಾಗಿ ಅಂಗನವಾಡಿಗೆ ವರ್ಷಕ್ಕೆರಡು ಸಲ ವೈದ್ಯರ ತಂಡ ಬರುವ ಏರ್ಪಾಡಾಗಿದೆ. ತಂಡ ಗುರುತಿಸಿದ ಮಕ್ಕಳಿಗಾಗಿ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಂಬ, ಬೆಳವಣಿಗೆಯ ತೊಂದರೆಗಳಿಗೆ ಬೇಗ ಚಿಕಿತ್ಸೆ ಕೊಡುವ ಕೇಂದ್ರವಿದೆ. ಗ್ರಾಮ ಪಂಚಾಯ್ತಿಗೊಬ್ಬ ಪುನರ್ವಸತಿ ಕಾರ್ಯಕರ್ತರನ್ನು ಕೊಟ್ಟ ರಾಜ್ಯ ನಮ್ಮದು. ಚೌಕಟ್ಟು ಚೆನ್ನಾಗಿಯೇ ಇದೆ. ಅದರೊಳಗೆ ಥೆರಪಿಯ ಹೆಸರಿನಲ್ಲಿ ನಡೆಯುತ್ತಿರುವುದರ ಬಗ್ಗೆ ನಮ್ಮ ತಕರಾರು.

ಹಲವು ಕೇಂದ್ರಗಳಲ್ಲಿ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ತಾಯಿ ಮಗುವನ್ನು ಕಂಕುಳಲ್ಲಿ ಹೊತ್ತು ಎರಡು ಬಸ್ಸು ಬದಲಿಸಿ ಬರುತ್ತಾರೆ. ಶಕ್ತಿ ಯೋಜನೆಯಿಂದ ಟಿಕೆಟ್ ದುಡ್ಡು ಉಳಿಯಿತು, ಆ ದಿನದ ಕೂಲಿ ಉಳಿಯಲಿಲ್ಲ. ಮಗುವನ್ನು ಮ್ಯಾಟ್ ಮೇಲೆ ಅಂಗಾತ ಮಲಗಿಸಿ ಒಂದೊಂದು ಕಾಲನ್ನೂ ಹತ್ತತ್ತು ಸಲ ಮಡಚಿ ಚಾಚುತ್ತಾರೆ, ತೊಡೆ ಅಗಲಿಸುತ್ತಾರೆ, ಬಿಗಿದ ಮುಷ್ಟಿ ಬಿಡಿಸುತ್ತಾರೆ. ಮಗು ಅಳುತ್ತದೆ. ತಾಯಿಯನ್ನು ಬಾಗಿಲಾಚೆ ಕೂರಿಸಿರುತ್ತಾರೆ. ಅರ್ಧ ಗಂಟೆಯಾದ ಮೇಲೆ ರಿಜಿಸ್ಟರಿನಲ್ಲಿ ಸಹಿ. “ಮನೇಲೂ ಇದನ್ನೇ ಮಾಡಮ್ಮ, ಮುಂದಿನ ತಿಂಗಳು ಕರ್ಕೊಂಡು ಬಾ.” ವರದಿಯಲ್ಲಿ ಇದು ‘ಒಂದು ಸಿಟ್ಟಿಂಗ್’.

ಈ ಸಿಟ್ಟಿಂಗಿನ ಲೆಕ್ಕವನ್ನೇ ಹಾಕಿ ನೋಡೋಣ. ತಿಂಗಳಿಗೆ ಅರ್ಧ ಗಂಟೆ ಎಂದರೆ ವರ್ಷಕ್ಕೆ ಆರು ಗಂಟೆ. ಲೋಟ ಹಿಡಿದು ಕುಡಿಯುವುದು, ಸ್ಟೂಲಿನಿಂದ ಎದ್ದು ನಿಲ್ಲುವುದು, ಇಂಥ ಒಂದು ನಿರ್ದಿಷ್ಟ ಗುರಿ ಮುಟ್ಟಲು ಮಗುವಿಗೆ 14ರಿಂದ 25 ಗಂಟೆಗಳ ಅಭ್ಯಾಸ ಬೇಕಾಗುತ್ತದೆ ಎನ್ನುತ್ತವೆ ಸಂಶೋಧನೆಗಳು. ದೇಹದ ಒಂದೇ ಪಕ್ಕ ಬಲಹೀನವಾದ ಮಗುವಿನ ಕೈಬಳಕೆ ಒಟ್ಟಾರೆ ಸುಧಾರಿಸಬೇಕಾದರೆ 30ರಿಂದ 40 ಗಂಟೆ ಬೇಕು. ಹಾಗಾದರೆ ಕೇಂದ್ರದ ಸಿಟ್ಟಿಂಗನ್ನೇ ನಂಬಿದ ಮಗುವಿಗೆ ಒಂದು ಗುರಿ ಮುಟ್ಟಲು ಎರಡರಿಂದ ನಾಲ್ಕು ವರ್ಷ ಹಿಡಿಯುತ್ತದೆ. ಅಷ್ಟು ಸಮಯ ಮಗುವಿನ ಬಳಿ ಇಲ್ಲ. ಕೆನಡಾದ ಒಂಟಾರಿಯೋದಲ್ಲಿ 657 ಮಕ್ಕಳನ್ನು ಅನುಸರಿಸಿ 2002ರಲ್ಲಿ ಪ್ರಕಟಿಸಿದ ಬೆಳವಣಿಗೆಯ ರೇಖೆಗಳ ಪ್ರಕಾರ, ಚಲನೆಯ ತೊಂದರೆಯನ್ನು ಐದು ಹಂತಗಳಲ್ಲಿ ವಿಂಗಡಿಸುವ ಜಿಎಂಎಫ್‌ಸಿಎಸ್ ಅಳತೆಯ ಅತ್ಯಂತ ಸೌಮ್ಯವಾದ ಒಂದನೇ ಹಂತದ ಮಕ್ಕಳು ತಾವು ಗಳಿಸಬಹುದಾದ ಚಲನಶಕ್ತಿಯ ಶೇ 90ರಷ್ಟನ್ನು ಐದು ವರ್ಷ ತುಂಬುವ ಹೊತ್ತಿಗೆ ಮುಟ್ಟಿರುತ್ತಾರೆ. ಅತಿ ತೀವ್ರವಾದ ಐದನೇ ಹಂತದವರು ಮೂರು ವರ್ಷ ತುಂಬುವ ಮೊದಲೇ. ಆದರೆ ಮನೆಯಲ್ಲೇ ಸ್ನಾನ, ಊಟ, ಆಟದ ಹೊತ್ತಿನಲ್ಲಿ ದಿನಕ್ಕೆ 20 ನಿಮಿಷ ಸಿಕ್ಕರೂ ಆರು ವಾರಕ್ಕೆ 14 ಗಂಟೆಯಾಗುತ್ತದೆ.

ಗಂಟೆ ಹೆಚ್ಚಿಸಿದರಷ್ಟೇ ಸಾಲದು, ಆ ಹೊತ್ತಿನಲ್ಲಿ ಏನು ಮಾಡುತ್ತೇವೆಂಬುದು ಅದಕ್ಕಿಂತ ಮುಖ್ಯ. ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟಾಗಿರುವುದು ಬೆಳೆಯುತ್ತಿರುವ ಮಿದುಳಿಗೆ. ಮಗು ತಾನೇ ಬಯಸಿ, ತಾನೇ ಪ್ರಯತ್ನಿಸಿ, ತಪ್ಪಿ, ಮತ್ತೆ ಮಾಡಿದಾಗ ಮಾತ್ರ ಮಿದುಳಿನಲ್ಲಿ ಹೊಸ ದಾರಿ ಮೂಡುತ್ತದೆ. ಇನ್ನೊಬ್ಬರು ಕಾಲು ಮಡಚಿ ಚಾಚಿದರೆ ಅಭ್ಯಾಸವಾಗುವುದು ಥೆರಪಿಸ್ಟರ ತೋಳಿಗೆ. 1940ರ ದಶಕದಲ್ಲಿ ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿ ಲಂಡನ್ನಿನಲ್ಲಿ ರೂಪಿಸಿದ, ಥೆರಪಿಸ್ಟರ ಕೈಯೇ ಮಗುವಿನ ಚಲನೆಯನ್ನು ನಡೆಸುವ ಪದ್ಧತಿ ಅದರ ಕಾಲಕ್ಕೆ ದೊಡ್ಡ ಹೆಜ್ಜೆಯೇ ಆಗಿತ್ತು. ಆದರೆ 2013ರಲ್ಲಿ ಹಾಗೂ ಮತ್ತೆ 2020ರಲ್ಲಿ ಆಸ್ಟ್ರೇಲಿಯಾದ ಸಂಶೋಧಕಿ ಐಯೋನಾ ನೋವಾಕ್ ಮತ್ತು ಸಂಗಡಿಗರು ಲಭ್ಯ ಸಾಕ್ಷ್ಯಗಳನ್ನೆಲ್ಲ ಜಾಲಾಡಿ, ಚಿಕಿತ್ಸೆಗಳನ್ನು ಟ್ರಾಫಿಕ್ ಸಿಗ್ನಲಿನ ಮೂರು ಬಣ್ಣಗಳಲ್ಲಿ ವಿಂಗಡಿಸಿದಾಗ, ಆ ಹಳೆಯ, ಮಗುವನ್ನು ನಿಷ್ಕ್ರಿಯವಾಗಿ ಇರಿಸುವ ರೂಪ ಕೆಂಪು ದೀಪದಡಿ ಬಂತು. ಹಸಿರು ಸಿಕ್ಕಿದ್ದು ಗುರಿ ಆಧರಿಸಿದ ಅಭ್ಯಾಸ, ಮನೆ ಕಾರ್ಯಕ್ರಮ, ಬಲಹೀನ ಕೈಯನ್ನು ಬಳಸುವಂತೆ ಮಾಡುವ ತರಬೇತಿ, ಎರಡೂ ಕೈ ಸೇರಿಸಿ ಮಾಡುವ ಕೆಲಸಗಳು, ಸೊಂಟದ ಕೀಲಿನ ನಿಯಮಿತ ಎಕ್ಸ್-ರೇ, ಇಂಥವಕ್ಕೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ: ಗುರಿಯನ್ನು ಮನೆಯವರು ಆರಿಸಲಿ, ಕೆಲಸವನ್ನು ತುಂಡು ಮಾಡದೆ ಇಡಿಯಾಗಿ, ಅದು ನಿಜವಾಗಿ ನಡೆಯುವ ಜಾಗದಲ್ಲೇ ಅಭ್ಯಾಸ ಮಾಡಿಸಿ.

ಒಂದು ಉದಾಹರಣೆ ಕೊಟ್ಟರೆ ವ್ಯತ್ಯಾಸ ಸ್ಪಷ್ಟವಾಗಬಹುದು. ಎಂಟು ತಿಂಗಳ ಮಗು ಎಲ್ಲವನ್ನೂ ಎಡಗೈಯಲ್ಲೇ ಹಿಡಿಯುತ್ತದೆ, ಮನೆಯವರು “ನಮ್ಮ ಕೂಸು ಎಡಚ” ಎನ್ನುತ್ತಾರೆ. ಒಂದು ವರ್ಷಕ್ಕೆ ಮೊದಲು ಮಕ್ಕಳು ಸಾಮಾನ್ಯವಾಗಿ ಹಾಗೆ ಒಂದೇ ಕೈಯನ್ನು ನೆಚ್ಚುವುದಿಲ್ಲ. ಬಲಗೈ ಏಕೆ ಸುಮ್ಮನಿದೆ ಎಂದು ನೋಡಬೇಕಾದ ಸೂಚನೆ ಅದು. ಇಂಥ ಮಗುವಿಗೆ ಸ್ವೀಡನ್ನಿನಲ್ಲಿ ರೂಪಿಸಿದ ಕ್ರಮ ತೀರಾ ಸರಳ. ಚೆನ್ನಾಗಿರುವ ಕೈಗೆ ಮೆತ್ತನೆಯ ಕಾಲುಚೀಲವನ್ನೋ ಕೈಗವಸನ್ನೋ ತೊಡಿಸಿ ದಿನಕ್ಕೆ 30 ನಿಮಿಷ, ವಾರಕ್ಕೆ ಆರು ದಿನ, ಆರು ವಾರ ಆಡಿಸುವುದು; ಆರು ವಾರ ಬಿಡುವು; ಮತ್ತೆ ಆರು ವಾರ. ಒಟ್ಟು 36 ಗಂಟೆ. ಬೇಕಾದ ಸಾಮಾನು ಹಗುರಾದ ಬಳೆ, ಚನ್ನಪಟ್ಟಣದ ಗಿಲಕಿ, ಸದ್ದು ಮಾಡುವ ಕಾಗದ. ಕೆಡುವುದು ಎಲ್ಲೆಂದರೆ, ಬಟ್ಟೆಯಿಂದ ತೋಳನ್ನೇ ಬಿಗಿದು ಕಟ್ಟುತ್ತಾರೆ, ಮಗು ರೊಚ್ಚಿಗೇಳುತ್ತದೆ. ಅಥವಾ ಹಿಡಿಯಲಾಗದಷ್ಟು ದೊಡ್ಡ ಆಟಿಕೆ ಕೊಡುತ್ತಾರೆ. ಅಥವಾ ಅವಸರಕ್ಕೆ ಮುಷ್ಟಿಯನ್ನು ತಾವೇ ಬಿಡಿಸಿ ಆಟಿಕೆ ತುರುಕುತ್ತಾರೆ. ಸಾಮಾನನ್ನು ಬಲಹೀನ ಕೈಯ ಪಕ್ಕದಲ್ಲಿ ಹಿಡಿದು ಮಗು ತಾನೇ ಚಾಚುವ ತನಕ ಕಾಯುವುದೇ ಇಲ್ಲಿಯ ಕೌಶಲ. ತಾಯಿಗೆ, ಅಜ್ಜಿಗೆ ಇದನ್ನು ಕಲಿಸಲು ಮೊದಲ ವಾರ ಎರಡು ಭೇಟಿ, ಆಮೇಲೆ ವಾರಕ್ಕೊಂದು ಭೇಟಿ ಸಾಕು. ಬಾಗಿಲಾಚೆ ಕೂರಿಸಿದ ತಾಯಿ ಏನು ಕಲಿತಾರು?

ಕಾಲಿನದೂ ಹಾಗೆಯೇ. ಎದ್ದು ನಿಲ್ಲುವುದು ಗುರಿಯಾದರೆ ಅಭ್ಯಾಸವೂ ಎದ್ದು ನಿಲ್ಲುವುದೇ ಆಗಬೇಕು. ಮೊಣಕಾಲಿಗಿಂತ ಸ್ವಲ್ಪ ಎತ್ತರದ ಮಣೆಯಿಂದ ಆರಂಭಿಸಿ, ಪಾದ ಪೂರ್ತಿ ನೆಲಕ್ಕೂರಿ ಮೊಣಕಾಲಿನ ಕೆಳಗೆ ಬರುವಂತಿಟ್ಟು, ಎದೆಯೆತ್ತರದ ಕಟ್ಟೆಯ ಮೇಲೆ ಮಗುವಿಗೆ ಇಷ್ಟವಾದದ್ದನ್ನು ಇಡಬೇಕು. ಸಲೀಸಾದಂತೆ ಮಣೆಯ ಎತ್ತರ ತಗ್ಗಿಸುತ್ತಾ ಹೋಗಬೇಕು. ಸ್ನಾಯು ಮೋಟಾಗಿದ್ದರೆ ಕೈಯಿಂದ ಐದು ನಿಮಿಷ ಎಳೆದ ಮಾತ್ರಕ್ಕೆ ಅದು ಉದ್ದವಾಗುವುದಿಲ್ಲ. ಹಿಮ್ಮಡಿ ನೆಲ ಮುಟ್ಟದ ಮಗುವಿಗೆ ಒಂದೆರಡು ವಾರಕ್ಕೊಮ್ಮೆ ಬದಲಿಸುವ ಪ್ಲಾಸ್ಟರನ್ನು ಮೂರು ನಾಲ್ಕು ವಾರ ಹಾಕಿ, ಆಮೇಲೆ ಅಳತೆಗೆ ಮಾಡಿಸಿದ, ಪಾದಕ್ಕೂ ಹಿಮ್ಮಡಿಗೂ ಆಸರೆ ಕೊಡುವ ಎಎಫ್‌ಓ ಬೂಟು ಕೊಟ್ಟರೆ ಫಲ ಸಿಗುತ್ತದೆ. ಬೂಟು ಕಳಚಿದ ಅರ್ಧ ಗಂಟೆಯ ಮೇಲೂ ಕೆಂಪು ಕಲೆ ಉಳಿದಿದ್ದರೆ ಅದು ಸರಿಹೊಂದಿಲ್ಲವೆಂದು ಅರ್ಥ. ತಿದ್ದಿಕೊಡುವವರಿಲ್ಲದೆ ಅಟ್ಟ ಸೇರಿದ ಬೂಟುಗಳು ಮನೆಮನೆಯಲ್ಲಿ ಸಿಗುತ್ತವೆ. ಬಿಗಿದ ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ನಿನ ಪರಿಣಾಮ ಸುಮಾರು ಮೂರು ತಿಂಗಳು. ಆ ಅವಧಿಯಲ್ಲಿ ಅಭ್ಯಾಸ ನಡೆಯದಿದ್ದರೆ ದುಬಾರಿ ಔಷಧ ನೀರುಪಾಲು.

ಎಲ್ಲರಿಗೂ ಒಂದೇ ವ್ಯಾಯಾಮ ಎಂಬ ರೂಢಿಯೂ ಹೋಗಬೇಕು. ಹುಟ್ಟಿದಾಗಿನ ಕಾಮಾಲೆ ಮಿದುಳಿಗೇರಿ ಆದ ಸೆರೆಬ್ರಲ್ ಪಾಲ್ಸಿಯಲ್ಲಿ ಸ್ನಾಯುಗಳ ಬಿಗಿತ ಗಳಿಗೆಗೊಂದು ಬಗೆ, ಮೈ ತಾನಾಗಿ ತಿರುಚುತ್ತದೆ. ಅಲ್ಲಿ ಎಳೆಯುವುದರಿಂದ ಏನೂ ಆಗದು. ಆ ಮಗುವಿಗೆ ಬೇಕಾದ್ದು ಗಟ್ಟಿ ಆಸರೆಯ ಕುರ್ಚಿ, ಮಾತಿಗೆ ಬದಲು ಚಿತ್ರದ ಹಲಗೆ, ಎಲ್ಲಕ್ಕಿಂತ ಮೊದಲು ಕಿವಿಯ ಪರೀಕ್ಷೆ. ಏಕೆಂದರೆ ಇದೇ ಕಾಮಾಲೆ ಶ್ರವಣ ನರವನ್ನೂ ಕೆಡಿಸಬಹುದು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದ್ದೂ, ಎಷ್ಟೋ ಮಕ್ಕಳನ್ನು ‘ಬುದ್ಧಿ ಕಡಿಮೆ’ ಎಂದು ಬರೆದು ಕೈತೊಳೆದುಕೊಳ್ಳಲಾಗಿದೆ.

ಇನ್ನು ತಡವಾಗುವುದರ ಮಾತು. ಸಾಮಾನ್ಯವಾಗಿ ಈ ಮಕ್ಕಳು ನಮ್ಮ ಬಳಿ ಬರುವುದು ನಡೆಯುವ ವಯಸ್ಸು ದಾಟಿದ ಮೇಲೆ. ಅದುವರೆಗೂ “ಕೆಲವು ಮಕ್ಕಳು ನಿಧಾನ, ತಾನಾಗೇ ಸರಿಹೋಗತ್ತೆ” ಎಂಬ ಸಮಾಧಾನ. ಅದನ್ನು ಹೇಳುವವರಲ್ಲಿ ವೈದ್ಯರೂ ಇದ್ದಾರೆ. ಆದರೆ ಐದು ತಿಂಗಳ ಒಳಗೇ ಅಪಾಯವನ್ನು ಗುರುತಿಸುವ ಸಾಧನಗಳಿವೆ. ಹೈನ್ ಎಂಬ ನರ ಪರೀಕ್ಷೆಯಲ್ಲಿ 26 ಅಂಶ, ಒಟ್ಟು 78 ಅಂಕ, ಹಿಡಿಯುವ ಸಮಯ ಹತ್ತು ನಿಮಿಷ. ಯಂತ್ರ ಬೇಡ, ಎರಡು ತಿಂಗಳಿಂದ ಎರಡು ವರ್ಷದವರೆಗೆ ಮಾಡಬಹುದು. ಇನ್ನೊಂದು, ಮಗುವಿನ ಸಹಜ ಚಲನೆಯ ವಿಡಿಯೊ. ಹೆರಿಗೆಯ ನಿಗದಿತ ದಿನದಿಂದ ಎಣಿಸಿ 12ರಿಂದ 16 ವಾರದ ನಡುವೆ, ಎಚ್ಚರವಾಗಿ ಸಮಾಧಾನದಿಂದಿರುವ ಮಗುವನ್ನು ಅಂಗಾತ ಮಲಗಿಸಿ, ಕೈಕಾಲಿನ ಬಟ್ಟೆ ತೆಗೆದು, ಆಟಿಕೆ ತೋರಿಸದೆ, ಮಾತಾಡಿಸದೆ, ಮೇಲಿನಿಂದ ಮೂರರಿಂದ ಐದು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿದರಾಯಿತು. ಅದನ್ನು ಓದಲು ತರಬೇತಾದ ಕಣ್ಣು ಬೇಕು ನಿಜ. ಆದರೆ ಆ ಕಣ್ಣು ಬೆಂಗಳೂರಿನಲ್ಲಿದ್ದರೂ ನಡೆಯುತ್ತದೆ, ಮಗು ಪ್ರಯಾಣ ಮಾಡಬೇಕಾಗಿಲ್ಲ.

ಅಪಾಯದ ಪಟ್ಟಿ ನಿಮ್ಮ ಇಲಾಖೆಯ ಬಳಿಯೇ ಇದೆ. ಹುಟ್ಟಿದಾಗ ಅಳದ, ತೀರಾ ಅವಧಿಪೂರ್ವ, ಫಿಟ್ಸ್ ಬಂದ, ಸಕ್ಕರೆ ಅಂಶ ಕುಸಿದ ಶಿಶುಗಳೆಲ್ಲ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದ, ಅಂದರೆ ಎಸ್‌ಎನ್‌ಸಿಯು ದಾಖಲೆಯಲ್ಲಿದ್ದಾರೆ. ಆಶಾ ಕಾರ್ಯಕರ್ತೆಯರು 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಹೋಗುವ ಕಾರ್ಯಕ್ರಮವೂ ಇದೆ. ಎಸ್‌ಎನ್‌ಸಿಯು ಬಿಡುಗಡೆ ಪಟ್ಟಿ ಅದೇ ವಾರ ಡಿಇಐಸಿಗೂ ಆಯಾ ಊರಿನ ಆಶಾಗೂ ತಲುಪಲಿ. ನಾಲ್ಕು ತಿಂಗಳಾದರೂ ಮುಷ್ಟಿ ಬಿಚ್ಚದಿರುವುದು, ಎತ್ತಿದರೆ ಕತ್ತು ಹಿಂದಕ್ಕೆ ಬೀಳುವುದು, ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುವುದು, ಒಂಬತ್ತು ತಿಂಗಳಿಗೂ ಕೂರದಿರುವುದು, ಈ ನಾಲ್ಕು ಸಾಲು ತಾಯಿ ಕಾರ್ಡಿನಲ್ಲಿ ಚಿತ್ರಸಹಿತ ಅಚ್ಚಾಗಲಿ. ‘ಸೆರೆಬ್ರಲ್ ಪಾಲ್ಸಿಯ ಹೆಚ್ಚಿನ ಅಪಾಯ’ ಎಂದು ಬರೆದ ದಿನವೇ ಥೆರಪಿ ಶುರುವಾಗಲಿ. ಖಚಿತ ರೋಗನಿದಾನ, ಅಂಗವೈಕಲ್ಯದ ಗುರುತಿನ ಯುಡಿಐಡಿ ಕಾರ್ಡ್, ಎಂಆರ್‌ಐ ಯಾವುದಕ್ಕೂ ಕಾಯುವಂತಾಗಬಾರದು.

ಸೊಂಟದ ಕೀಲಿನ ವಿಷಯದಲ್ಲಂತೂ ನಮ್ಮ ಸಂಕಟ ಹೇಳತೀರದು. ಹುಟ್ಟುವಾಗ ಸರಿಯಿದ್ದ ಕೀಲು, ಬಿಗಿದ ಸ್ನಾಯುಗಳ ಎಳೆತಕ್ಕೆ ಸಿಕ್ಕಿ ನಿಧಾನವಾಗಿ ಜಾರುತ್ತದೆ. ಒಟ್ಟು ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಮಗುವಿಗೆ, ಐದನೇ ಹಂತದಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಇದು ಸಂಭವಿಸುತ್ತದೆ. ಶುರುವಿನಲ್ಲಿ ನೋವಿಲ್ಲ, ಹೊರಗಿನಿಂದ ಕಾಣುವುದಿಲ್ಲ. ಕಂಡಾಗ ಮಗು ಕೂರಲಾರದು, ತೊಡೆ ಅಗಲಿಸಿ ತೊಳೆಸಲೂ ಆಗದು, ರಾತ್ರಿಯೆಲ್ಲ ಅಳುತ್ತದೆ. ದಕ್ಷಿಣ ಸ್ವೀಡನ್ನಿನಲ್ಲಿ 1994ರಿಂದ ಪ್ರತಿ ಮಗುವಿಗೂ ನಿಯಮಿತ ಎಕ್ಸ್-ರೇ ತೆಗೆದು ಹಿಂಬಾಲಿಸಿದ್ದರಿಂದ ಕೀಲು ಪೂರ್ತಿ ಕಳಚುವುದು ಅಲ್ಲಿ ಅಪರೂಪವಾಗಿದೆ. ನಮ್ಮಲ್ಲಿ ಬೇಕಾದ್ದು ತಾಲ್ಲೂಕು ಆಸ್ಪತ್ರೆಯ ಸಾಮಾನ್ಯ ಎಕ್ಸ್-ರೇ ಯಂತ್ರ. ಮೊದಲನೆಯದು 12ರಿಂದ 24 ತಿಂಗಳೊಳಗೆ. ಮೂರು, ನಾಲ್ಕು, ಐದನೇ ಹಂತದವರಿಗೆ ಆರಂಭದಲ್ಲಿ ಆರು ತಿಂಗಳಿಗೊಮ್ಮೆ. ತೆಗೆಯುವಾಗ ಮಂಡಿಚಿಪ್ಪು ನೇರ ಮೇಲಕ್ಕೆ ನೋಡುತ್ತಿರಬೇಕು, ಕಾಲು ಕತ್ತರಿಯಾಗಲಿ ಕಪ್ಪೆಯಂತೆ ಅಗಲವಾಗಲಿ ಇರಕೂಡದು. ತೊಡೆಮೂಳೆಯ ಗುಂಡಿನ ಶೇಕಡಾ ಎಷ್ಟು ಭಾಗ ಬಟ್ಟಲಿನ ಹೊರಗಿದೆಯೆಂದು ಸ್ಕೇಲಿನಲ್ಲಿ ಅಳೆದು ಬರೆಯಬೇಕು. ‘ನಾರ್ಮಲ್’ ಎಂಬ ಒಂದೇ ಪದದ ವರದಿ ನಮಗೆ ಉಪಯೋಗಕ್ಕೆ ಬಾರದು. ಶೇ 30 ದಾಟಿದರೆ ಮಕ್ಕಳ ಮೂಳೆ ತಜ್ಞರ ಬಳಿಗೆ. ಬೇಗ ಹೋದರೆ ಸ್ನಾಯು ಬಿಡಿಸುವ ಸಣ್ಣ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯಬಹುದಾದದ್ದು, ತಡವಾದರೆ ಮೂಳೆ ಕತ್ತರಿಸಿ ಕೂರಿಸುವವರೆಗೆ ಬೆಳೆಯುತ್ತದೆ. ಇದಕ್ಕೆ ಹೊಸ ಅನುದಾನ ಬೇಡ, ಒಂದು ಸುತ್ತೋಲೆ ಸಾಕು.

ಊಟವನ್ನು ಥೆರಪಿಯೆಂದು ಯಾರೂ ಎಣಿಸುವುದಿಲ್ಲ. ತೂಕ ಕಡಿಮೆಯೆಂದು ಈ ಮಕ್ಕಳ ಹೆಸರು ತೀವ್ರ ಅಪೌಷ್ಟಿಕತೆಯ ಪಟ್ಟಿಗೆ ಸೇರುತ್ತದೆ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಹೋಗಿ ಬರುತ್ತಾರೆ, ಮನೆಗೆ ಬಂದ ಮೇಲೆ ಮತ್ತೆ ಇಳಿಯುತ್ತಾರೆ. ಮಗು ಹೇಗೆ ನುಂಗುತ್ತದೆ ಎಂದು ಒಬ್ಬರೂ ನೋಡಿರುವುದಿಲ್ಲ. ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಸುರಿದ ಗಂಜಿ ಶ್ವಾಸನಾಳಕ್ಕೆ ಹೋಗುತ್ತದೆ. ಪದೇಪದೇ ನ್ಯುಮೋನಿಯಾ ಬರುವ ಮಗುವಿನಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ನೆಟ್ಟಗೆ ಕೂರಿಸಿ, ಗದ್ದ ಕೊಂಚ ಒಳಕ್ಕೆ ಬಾಗಿಸಿ, ಆಳವಿಲ್ಲದ ಚಪ್ಪಟೆ ಚಮಚದಿಂದ ನಾಲಿಗೆಯ ನಡುಭಾಗವನ್ನು ಮೆಲ್ಲಗೆ ಒತ್ತಿ, ತುಟಿ ಮುಚ್ಚುವವರೆಗೆ ಕಾಯಬೇಕು. ರಾಗಿ ಸರಿ ಚಮಚದಿಂದ ಧಾರೆಯಾಗಿ ಇಳಿಯದೆ ಮುದ್ದೆಯಾಗಿ ಜಾರುವಷ್ಟು ಗಟ್ಟಿ ಇರಲಿ, ಮೇಲೊಂದು ಚಮಚ ತುಪ್ಪವೋ ಎಣ್ಣೆಯೋ ಬೀಳಲಿ. ನುಂಗಲು ಎಲ್ಲಕ್ಕಿಂತ ಕಷ್ಟವಾದದ್ದು ನೀರು. ಅದು ಗಂಟಲಿಗೆ ಬೇಗ ಹರಿದುಬಿಡುತ್ತದೆ. ಒಂದು ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿದರೆ, ತಿನ್ನುವಾಗ ಕೆಮ್ಮು ಬಂದರೆ, ತಿಂದ ಮೇಲೆ ದನಿ ಗೊರಗೊರ ಎಂದರೆ ಸ್ಪೀಚ್ ಥೆರಪಿಸ್ಟ್ ನೋಡಲೇಬೇಕು. ಪುನಶ್ಚೇತನ ಕೇಂದ್ರಗಳ ದಾಖಲಾತಿ ನಮೂನೆಯಲ್ಲಿ ಇದಕ್ಕೊಂದು ಕಡ್ಡಾಯ ಕಾಲಂ ಸೇರಿಸಿ.

ಕೂರಿಸುವುದಕ್ಕೆ ಕುರ್ಚಿ ಬೇಕು. ಶಿಬಿರಗಳಲ್ಲಿ ವೇದಿಕೆಯಿಂದ ಹಂಚುವ ಕುರ್ಚಿಗಳು ಎಷ್ಟೋ ಸಲ ಮಗುವಿಗಿಂತ ಒಂದೂವರೆ ಪಟ್ಟು ದೊಡ್ಡವು. ಮಗು ಅದರಲ್ಲಿ ಜಾರಿ ಬೆನ್ನು ಬಾಗಿಸಿ ಬೀಳುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಸೊಂಟ, ಮಂಡಿ, ಪಾದ ಮೂರೂ 90 ಡಿಗ್ರಿಯಲ್ಲಿ ಇರಬೇಕು. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಎರಡು ಬೆರಳಿನ ಅಂತರ, ಸೊಂಟದ ಬೆಲ್ಟು 45 ಡಿಗ್ರಿ ಓರೆಯಲ್ಲಿ ಕೆಳಕ್ಕೆ ಎಳೆಯುವಂತೆ, ಮೊಣಕೈ ಎತ್ತರಕ್ಕೆ ಟ್ರೇ. ಊರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡಬಲ್ಲ ಕೆಲಸವಿದು. ರಟ್ಟಿನ ಹಾಳೆಗಳನ್ನು ಮೈದಾ ಅಂಟಿನಿಂದ ಪದರಪದರವಾಗಿ ಅಂಟಿಸಿಯೂ ಗಟ್ಟಿ ಕುರ್ಚಿ ಮಾಡಬಹುದು. ಜಿಲ್ಲೆಗೊಂದು ಸಣ್ಣ ವರ್ಕ್‌ಶಾಪು, ಅಲ್ಲೇ ಅಳತೆ ತೆಗೆದು ಆರು ತಿಂಗಳಿಗೊಮ್ಮೆ ತಿದ್ದಿಕೊಡುವ ಏರ್ಪಾಡು ಆದರೆ ಶಿಬಿರದ ಅಗತ್ಯವೇ ಬೀಳದು. ಒಂದು ಮಾತು: ಚಕ್ರವಿರುವ ದುಂಡನೆಯ ಬೇಬಿ ವಾಕರನ್ನು ದಾನಿಗಳು ಪ್ರೀತಿಯಿಂದ ಕೊಡುತ್ತಾರೆ. ದಯವಿಟ್ಟು ಅದನ್ನು ಪಟ್ಟಿಯಿಂದ ತೆಗೆಸಿ. ಅದು ಮಗುವನ್ನು ತುದಿಗಾಲ ಮೇಲೆ ನೂಕುತ್ತದೆ.

ಸರ್ಕಾರಿ ವ್ಯವಸ್ಥೆ ಖಾಲಿ ಬಿಟ್ಟ ಜಾಗಕ್ಕೆ ಯಾರು ನುಗ್ಗುತ್ತಿದ್ದಾರೆ ಎಂಬುದನ್ನೂ ಗಮನಿಸಬೇಕು. ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಮಗು ನಡೆಯುತ್ತದೆ ಎಂಬ ಜಾಹೀರಾತು ಹಳ್ಳಿಯ ವಾಟ್ಸಾಪ್ ತಲುಪಿದೆ, ಹೊಲ ಅಡವಿಟ್ಟು ಹೋಗುವವರಿದ್ದಾರೆ. ಅನುಮೋದಿತ ಟ್ರಯಲ್ ಬಿಟ್ಟು ಇಂಥ ಕಾಯಿಲೆಗಳಿಗೆ ಸ್ಟೆಮ್ ಸೆಲ್ ಕೊಡುವಂತಿಲ್ಲ ಎಂದು 2017ರ ರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಒತ್ತಡದ ಆಮ್ಲಜನಕದ ಕೋಣೆಯಲ್ಲಿ ಮಗುವನ್ನು ಇರಿಸುವ ಚಿಕಿತ್ಸೆಯದು ಇನ್ನೊಂದು ಕಥೆ. ಕೆನಡಾದ ಕ್ವಿಬೆಕ್‌ನಲ್ಲಿ 111 ಮಕ್ಕಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಮ್ಲಜನಕ ಪಡೆದವರೂ ತುಸು ಒತ್ತಡದ ಬರಿಯ ಗಾಳಿ ಪಡೆದವರೂ ಒಂದೇ ಸಮ ಸುಧಾರಿಸಿದರು. ಖಾಸಗಿ ಆಸ್ಪತ್ರೆಗಳ ಮೇಲಿನ ಕೆಪಿಎಂಇ ಕಾಯ್ದೆಯಡಿ ನೋಂದಣಿಯ ಅಧಿಕಾರ ಜಿಲ್ಲಾಡಳಿತದ ಕೈಯಲ್ಲಿರುವಾಗ, ಇಂಥ ಜಾಹೀರಾತಿಗೆ ನೋಟಿಸ್ ಕೊಡಲು ತಡೆಯೇನು? ಎಣ್ಣೆ ನೀವುವುದು ಬೇರೆ ಮಾತು. ಮಗುವಿಗೆ ಹಿತವಾಗುತ್ತದೆ, ಮಾಡಲಿ. ಆಡಿಸುವ ಹೊತ್ತನ್ನು ಅದು ನುಂಗದಿದ್ದರಾಯಿತು.

ಇದನ್ನೆಲ್ಲ ನಡೆಸಲು ಜನ ಬೇಕು. ಡಿಇಐಸಿಗಳಲ್ಲಿ ಖಾಲಿ ಬಿದ್ದಿರುವ ಥೆರಪಿಸ್ಟ್ ಹುದ್ದೆಗಳನ್ನು ತುಂಬಿ. ಇರುವವರನ್ನು ವಾರದಲ್ಲಿ ಎರಡು ದಿನ ತಾಲ್ಲೂಕಿಗೂ ಮನೆಗಳಿಗೂ ಕಳಿಸಿ, ಓಡಾಟದ ಭತ್ಯೆ ಕೊಡಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನಿಮ್ಮ ಇಲಾಖೆಯವರಲ್ಲ, ವಿಕಲಚೇತನರ ಸಬಲೀಕರಣ ಇಲಾಖೆಯವರು. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ವಿಶೇಷ ಅಗತ್ಯದ ಮಕ್ಕಳನ್ನು ಅಂಗನವಾಡಿಯಲ್ಲಿ ಸೇರಿಸಿಕೊಳ್ಳುವ ಶಿಷ್ಟಾಚಾರವನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲೇ ಹೊರಡಿಸಿದೆ. ಮೂರೂ ಇಲಾಖೆಗಳು ಒಂದು ಜಂಟಿ ಆದೇಶ ಹೊರಡಿಸದಿದ್ದರೆ ಮಗುವಿನ ಕಡತ ಮೂರು ಕಚೇರಿಗಳಲ್ಲಿ ಅಲೆಯುತ್ತದೆ.

ಆ ಆದೇಶದಲ್ಲಿ ರಿಜಿಸ್ಟರಿನ ನಮೂನೆಯನ್ನೂ ಬದಲಿಸಿ ಎಂಬುದು ನಮ್ಮ ಮುಖ್ಯ ಒತ್ತಾಯ. ಸಿಟ್ಟಿಂಗ್ ಎಷ್ಟು ಎಂಬ ಕಾಲಂ ಇರುವವರೆಗೆ ಸಿಟ್ಟಿಂಗುಗಳೇ ಹುಟ್ಟುತ್ತವೆ. ಅದರ ಜಾಗದಲ್ಲಿ ಮಗುವಿನ ಜಿಎಂಎಫ್‌ಸಿಎಸ್ ಹಂತ, ಮನೆಯವರು ಆರಿಸಿದ ಈ ಮೂರು ತಿಂಗಳ ಗುರಿ, ಮನೆಯಲ್ಲಿ ನಡೆದ ಅಭ್ಯಾಸದ ಗಂಟೆ, ಗುರಿ ಮುಟ್ಟಿತೇ ಇಲ್ಲವೇ, ತೂಕ, ಕೊನೆಯ ಸೊಂಟದ ಎಕ್ಸ್-ರೇ ದಿನಾಂಕ ಮತ್ತು ಶೇಕಡಾವಾರು ಅಳತೆ, ಈ ಆರು ಕಾಲಂ ಇರಲಿ. ಗುರಿಯನ್ನೂ ಅದರ ಹೆಜ್ಜೆಗಳನ್ನೂ ಕನ್ನಡದಲ್ಲಿ ಒಂದೇ ಪುಟದಲ್ಲಿ ಬರೆದು ತಾಯಿಯ ಕೈಗೆ ಕೊಡುವುದು ಕಡ್ಡಾಯವಾಗಲಿ. ಓದಲು ಬಾರದವರಿಗೆ ಅವರದೇ ಫೋನಿನಲ್ಲಿ ಎರಡು ನಿಮಿಷದ ವಿಡಿಯೊ. ಈ ನಮೂನೆಯ ಕರಡನ್ನೂ, ಆಶಾ ಮತ್ತು ಪುನರ್ವಸತಿ ಕಾರ್ಯಕರ್ತರಿಗೆ ಮೂರು ದಿನದ ತರಬೇತಿಯ ಪಠ್ಯವನ್ನೂ ಸಿದ್ಧಪಡಿಸಿಕೊಡಲು ನಾವು ತಯಾರಿದ್ದೇವೆ. ಮೊದಲು ಎರಡು ತಾಲ್ಲೂಕುಗಳಲ್ಲಿ ಒಂದು ವರ್ಷ ನಡೆಸಿ, ಆರು ಕಾಲಮ್ಮುಗಳ ಲೆಕ್ಕವನ್ನು ಸಾರ್ವಜನಿಕರ ಮುಂದಿಡಿ. ಅದಕ್ಕೆ ಅನುಮತಿ ನೀಡುವ ಕುರಿತು ಇಲಾಖೆಯ ಉತ್ತರವನ್ನು ಲಿಖಿತವಾಗಿ ನಿರೀಕ್ಷಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸೆರೆಬ್ರಲ್ ಪಾಲ್ಸಿ ಮಕ್ಕಳೊಂದಿಗೆ ಕೆಲಸ ಮಾಡುವ ಥೆರಪಿಸ್ಟರು

ಪ್ರತಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ